ಬಿಶಿಯಾಳ ಇಪ್ಪತ್ತು ನಿಮಿಷ

ನಮ್ಮ ದ್ವೀಪದ ಪುಲಿ ಊರಿನಲ್ಲಿ ಯಂತ್ರಗಳನ್ನು ಹದ್ದುಬಸ್ತಿನಲ್ಲಿಟ್ಟವನು ಒಬ್ಬನಿದ್ದರೆ ಅದು ನಾನು. ಬೇರೆ ಯಾರೂ ಹೇಳುತ್ತಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಗುಡ್ಡ ಯಾವಾಗ ಕುಸಿದೀತು ಎಂದು ಲೆಕ್ಕ ಹಾಕುವ ನಮ್ಮ ಕಚೇರಿಯಲ್ಲಿ ಎಂಟು ದೊಡ್ಡ ಕಂಪ್ಯೂಟರುಗಳಿವೆ. ಇಪ್ಪತ್ತೆರಡು ವರ್ಷ ಅವುಗಳಲ್ಲಿ ಒಂದೂ ಕೆಮ್ಮಲಿಲ್ಲ, ಸೀನಲಿಲ್ಲ. ಕಾರಣ, ಪ್ರತಿಯೊಂದರ ತಲೆಯ ಮೇಲೆ ನಾನಿಟ್ಟ ಹಸಿರು ಪೊಟ್ಟಣ. ಜೋಳದ ಕುರುಕಲು, ತೆಂಗಿನ ರುಚಿಯದು. ಹೆಸರೇ ‘ತಂಟೆ ಮಾಡಬೇಡ, ಜಾಣನಾಗಿರು’ ಎನ್ನುವಂಥದ್ದು. ಹಸಿರೇ ಆಗಬೇಕು. ಹಳದಿ ಇಟ್ಟರೆ ಹಳದಿ ದೀಪ, ಕೆಂಪು ಇಟ್ಟರೆ ಕೆಂಪು ದೀಪ. ಅವಧಿ ಮೀರಿರಬಾರದು, ಯಾರೂ ಒಡೆದು ತಿಂದಿರಬಾರದು. ಒಮ್ಮೆ ಲೆಕ್ಕಪತ್ರ ವಿಭಾಗದವನೊಬ್ಬ ಹಸಿವು ತಾಳದೆ ಒಂದು ಪೊಟ್ಟಣ ತಿಂದುಬಿಟ್ಟ. ಮಾರನೆಯ ದಿನವೇ ಅವನ ಹಲ್ಲುಗಳೆಲ್ಲ ಉದುರಿದವು. ಎಲ್ಲವೂ ಅಲ್ಲ, ಒಂದು. ಅದೂ ಮೊದಲೇ ಅಲ್ಲಾಡುತ್ತಿತ್ತು. ಆದರೂ.

ನಾನು ಲಿಯಾವ್. ಹದಿನೈದು ವರ್ಷ ಆ ಕಚೇರಿಯ ಜೀಪು ಓಡಿಸಿದೆ. ಬೆನ್ನು ಕೈಕೊಟ್ಟ ಮೇಲೆ ಕೆಳಗಿನ ಹಾಲಿನಲ್ಲಿ ಕೂರಿಸಿದರು. ಶಾಲೆಯವರು ಬಂದರೆ ಗುಡ್ಡಗಳ ನಕ್ಷೆ ತೋರಿಸುವುದು, ಮಿಕ್ಕ ಹೊತ್ತು ಚಹಾ ಕುಡಿಯುವುದು. ಪೊಟ್ಟಣ ಇಡುವುದನ್ನು ಯಾರೂ ನನಗೆ ವಹಿಸಲಿಲ್ಲ, ಯಾರೂ ಕಸಿದುಕೊಳ್ಳಲೂ ಇಲ್ಲ.

ಆದರೆ ನಾನು ಹೇಳಹೊರಟದ್ದು ಬಿಶಿಯಾಳ ವಿಷಯ. ಯೂ ಬಿಶಿಯಾ. ಕಾಗದ ಮಾಡುವವರ ಮನೆಯ ಹುಡುಗಿ. ಅವಳಮ್ಮನಿಗೆ ಒದ್ದೆ ಕಾಗದದ ಹಾಳೆಗಳನ್ನು ಬಿಸಿ ತಗಡಿಗೆ ಹಚ್ಚಿ ಹಚ್ಚಿ ಬೆರಳ ಗುರುತೇ ಅಳಿಸಿಹೋಗಿತ್ತು, ಗುರುತಿನ ಚೀಟಿಗೆ ಹೆಬ್ಬೆಟ್ಟು ಒತ್ತಿದರೆ ಬರೀ ಶಾಯಿ ಮೂಡುತ್ತಿತ್ತು. ಬಿಶಿಯಾ ನಮ್ಮಲ್ಲಿಗೆ ಬಂದದ್ದು ಬೆರಳಚ್ಚು ಕೆಲಸಕ್ಕೆ. ಮೊದಲ ಕಂಪ್ಯೂಟರು ಬಂದಾಗ ಅದರ ಜೊತೆ ಇಟ್ಟಿಗೆಯಷ್ಟು ದಪ್ಪದ ಇಂಗ್ಲಿಷ್ ಪುಸ್ತಕವೂ ಬಂತು. ಮುಟ್ಟುವವರಿಲ್ಲ. ಅವಳು ನಿಘಂಟು ಪಕ್ಕದಲ್ಲಿಟ್ಟುಕೊಂಡು ಏಳು ತಿಂಗಳಲ್ಲಿ ಓದಿ ಮುಗಿಸಿದಳು. ಅಲ್ಲಿಂದ ಯಂತ್ರಗಳು ಅವಳ ಪಾಲಾದವು. ಈಗ ಐವತ್ತಾರು. ಅಣ್ಣನ ಮನೆಯ ಮಹಡಿಯಲ್ಲಿ ವಾಸ, ಸ್ಕೂಟರಿನಲ್ಲಿ ಓಡಾಟ, ಮಾತು ಕಡಿಮೆ. ಸಿಟ್ಟು ಬಂದರೆ ಮೂರು ಮಹಡಿಯ ಚಹಾ ಒಟ್ಟಿಗೇ ಆರಿಹೋಗುತ್ತದೆ.

ಅವಳ ಕೋಣೆಯ ಗಡಿಯಾರ ಇಪ್ಪತ್ತು ನಿಮಿಷ ಮುಂದಿದೆ. ಹೊಸಬರು ಸರಿಮಾಡಲು ಹೋದರೆ ನಾನು ಕೈ ಹಿಡಿದು ತಡೆಯುತ್ತೇನೆ. ಹನ್ನೊಂದು ವರ್ಷದ ಹಿಂದೆ ಒಂದು ಚಂಡಮಾರುತದ ದಿನ ಯಂತ್ರದ ಡಿಸ್ಕು ಕೆಟ್ಟು ಅವಳ ಲೆಕ್ಕ ಇಪ್ಪತ್ತು ನಿಮಿಷ ತಡವಾಗಿ ಬಂತು. ಅಷ್ಟರಲ್ಲಿ ಶ್ವಾಂಗ್‌ಕೆಂಗ್ ಹಳ್ಳಿಯ ಸೇತುವೆ ಮುಳುಗಿತ್ತು. ಊರವರು ಶಾಲೆಯ ಮೇಲೆ ಹತ್ತಿ ಬದುಕಿಕೊಂಡರು. ಪಾನ್ ದಂಪತಿ ಎಂದು ಶುಂಠಿ ಬೆಳೆಯುವವರು ಇಬ್ಬರು, ಅವರು ಬದುಕಲಿಲ್ಲ. ತಪ್ಪು ಬಿಶಿಯಾಳದಲ್ಲ ಎಂದು ವಿಚಾರಣೆ ನಡೆಸಿದವರು ಬರೆದುಕೊಟ್ಟರು. ಅವಳು ಆ ಕಾಗದ ಓದಿ, ಮಡಚಿ ಮೇಜಿನೊಳಗೆ ಹಾಕಿ, ಕುರ್ಚಿ ಹತ್ತಿ ಗಡಿಯಾರದ ಮುಳ್ಳು ತಿರುಗಿಸಿದಳು. ನಾನು ಕುರ್ಚಿ ಹಿಡಿದುಕೊಂಡಿದ್ದೆ. ಆ ದಿನ ನನಗೆ ಒಂದು ತಮಾಷೆಯೂ ಹೊಳೆಯಲಿಲ್ಲ.

ತಡವಾಗಿ ಬಂದರೂ ಬಿಶಿಯಾಳ ಅಂಕಿ ತಪ್ಪಿರಲಿಲ್ಲ. ಅಂದಿನಿಂದ ಶ್ವಾಂಗ್‌ಕೆಂಗಿನ ಯಜಮಾನ ವೆನ್ ಬೇರೆ ಯಾರ ಮಾತನ್ನೂ ಕೇಳುವುದಿಲ್ಲ. ಸರ್ಕಾರದ ಎಚ್ಚರಿಕೆ ಬಂದರೂ ಕೇಳುವುದಿಲ್ಲ, ಅದನ್ನು ಕೇಳಿ ಎರಡು ಸಲ ಸುಮ್ಮನೆ ಊರು ಬಿಟ್ಟಿದ್ದರು, ಏನೂ ಆಗಲಿಲ್ಲ, ಎರಡು ಸಲವೂ ಚಹಾ ಎಲೆ ಬಾಡಿ ಹೋಗಿತ್ತು. “ಬಿಶಿಯಾ ತಂಗಿ ಅಂಕಿ ಹೇಳ್ಲಿ, ಏಳ್ತೀವಿ. ಬೇರೆಯವ್ರು ಹೇಳಿದ್ರೆ ಮಗ್ಗುಲು ಬದಲಾಯಿಸ್ತೀವಿ,” ಅನ್ನುತ್ತಾನೆ. ಗುಡ್ಡ ಕುಸಿಯುವ ಸಂಭವ ನೂರಕ್ಕೆ ಅರವತ್ತು ದಾಟಿದರೆ ಹೊರಡಬೇಕು. ನೂರ ತೊಂಬತ್ತು ಜನ, ಹೆಚ್ಚಿನವರು ನನ್ನಂಥ ಮುದುಕರು.

ಮೊನ್ನೆಯ ಚಂಡಮಾರುತ ಗುರುವಾರ ಬರುವುದೆಂದು ತಿಳಿದಿತ್ತು. ಸೋಮವಾರ ನಮ್ಮಲ್ಲಿ ಬೇರೊಂದು ಗಾಳಿ ಬೀಸಿತು. ಕಂಪ್ಯೂಟರುಗಳ ಕರ್ನೆಲ್ ಬದಲಾಯಿಸಬೇಕೆಂದು ಮೇಲಿನಿಂದ ಆಜ್ಞೆ, ಅವತ್ತೇ ಕಡೆಯ ದಿನ. ಕರ್ನೆಲ್ ಅಂದರೆ ಯಂತ್ರದೊಳಗಿನ ಮನೆವಾರ್ತೆಯವನು, ಯಾರಿಗೆ ಏನು ಬೇಕೋ ತಂದುಕೊಡುವವನು. ನಮ್ಮಲ್ಲಿದ್ದವನು ಒಂಬತ್ತು ವರ್ಷ ಹಳಬ. ಇಷ್ಟು ದಿನ ಏಕೆ ಬದಲಾಯಿಸಲಿಲ್ಲ ಅಂದರೆ, ಹಸಿರು ಪೊಟ್ಟಣದ ಕೆಳಗೆ ಜಾಣನಾಗಿ ಕೂತಿರುವ ಯಂತ್ರವನ್ನು ಮುಟ್ಟುವ ಧೈರ್ಯ ಈ ದ್ವೀಪದಲ್ಲಿ ಯಾರಿಗೂ ಇಲ್ಲ. ‘ಚೆನ್ನಾಗಿ ಓಡ್ತಿದೆ’ ಎಂದು ಗಟ್ಟಿಯಾಗಿ ಹೇಳುವುದೂ ಇಲ್ಲ.

ಮುಖ್ಯಸ್ಥ ಶೆನ್ ನಲವತ್ತರ ಮನುಷ್ಯ, ಒಳ್ಳೆಯವನು, ಕಾಗದಕ್ಕೆ ಹೆದರುವವನು. “ಬಿಶಿಯಾ ಅಕ್ಕ, ಇವತ್ತು ಮಾಡಲೇಬೇಕಂತೆ,” ಅಂದ.

“ಗುರುವಾರ ಮಳೆ ಅಂತೆ,” ಅಂದಳು ಬಿಶಿಯಾ.

“ಮಳೆಗೆ ಕಡೆಯ ದಿನ ಇಲ್ಲ ಅಕ್ಕ, ಇದಕ್ಕಿದೆ.”

ಮಾಡಿದಳು. ಮಧ್ಯಾಹ್ನ ಶ್ವಾಂಗ್‌ಕೆಂಗ್ ಕಣಿವೆಯ ಲೆಕ್ಕ ಹಚ್ಚಿ ನೋಡಿದಳು. ನಲವತ್ತು ನಿಮಿಷದಲ್ಲಿ ಮುಗಿಯುತ್ತಿದ್ದದ್ದು ಐದೂವರೆ ಗಂಟೆ ತೆಗೆದುಕೊಂಡಿತು. ಅಷ್ಟು ಹೊತ್ತು ಕಾದು ಬರುವ ಅಂಕಿ ಮುಗಿದುಹೋದ ಮಳೆಯ ಅಂಕಿ. ಊರಿಗೆ ಅದರಿಂದ ಉಪಯೋಗವಿಲ್ಲ.

ನಮ್ಮ ಏರ್ಪಾಡು ಹೀಗಿದೆ. ಗುಡ್ಡಗಳ ನಕ್ಷೆ, ಮಳೆಯ ಅಳತೆ, ಎಲ್ಲ ದೊಡ್ಡ ಫೈಲುಗಳೂ ಸರ್ವರ್ ಎಂಬ ಒಂದೇ ಉಗ್ರಾಣದಲ್ಲಿವೆ. ಮಿಕ್ಕ ಏಳು ಕಂಪ್ಯೂಟರುಗಳು ತಂತಿಯ ಮೂಲಕ ಅಲ್ಲಿಂದಲೇ ಓದಿಕೊಂಡು ಲೆಕ್ಕ ಮಾಡುತ್ತವೆ, ಪಕ್ಕದ ಕೋಣೆಯ ಕಪಾಟನ್ನು ನಮ್ಮದೇ ಎಂಬಂತೆ ಬಳಸಿದ ಹಾಗೆ. ಲೆಕ್ಕ ನಿಧಾನವಾಗಿರಲಿಲ್ಲ. ಓದುವುದು ನಿಧಾನವಾಗಿತ್ತು.

“ಹಳೆಯದಕ್ಕೇ ಹೋಗಿಬಿಡೋಣ ಅಕ್ಕ,” ಅಂದ ಶೆನ್, ಕಾಗದದ ಹೆದರಿಕೆಯನ್ನೂ ಮರೆತು.

“ಆಗಲ್ಲ. ಇವತ್ತೇ ಎಂಟೂ ಯಂತ್ರಕ್ಕೆ ಹೊಸ ಡಿಸ್ಕ್ ಹಾಕಿ ಎಲ್ಲ ಸಾಗಿಸಿದೀವಿ. ಹಳೆ ಕರ್ನೆಲ್‌ಗೆ ಈ ಡಿಸ್ಕ್ ಗುರುತೇ ಸಿಗಲ್ಲ.”

ಮಂಗಳವಾರ ಬೆಳಿಗ್ಗೆ ಶೆನ್ ಯಂತ್ರಗಳ ಕೋಣೆಗೆ ಹೋದವನು ಹೆಣ ಕಂಡವನಂತೆ ಹೊರಗೆ ಬಂದ. ಕೈಯಲ್ಲಿ ಹಸಿರು ಪೊಟ್ಟಣ. “ಲಿಯಾವ್ ಅಣ್ಣ, ಇದರ ಅವಧಿ ಮುಗಿದು ನಾಲ್ಕು ತಿಂಗಳಾಗಿದೆ.”

ನಾನು ಕನ್ನಡಕ ಹಾಕಿ ನೋಡಿದೆ. ಕನ್ನಡಕ ತೆಗೆದು ನೋಡಿದೆ. ಎರಡಕ್ಕೂ ನಾಲ್ಕೇ ತಿಂಗಳು. ಆ ಕ್ಷಣ ಭೂಮಿ ಬಾಯ್ಬಿಟ್ಟಿದ್ದರೆ ನಾನು ಒಳಗೆ ಹೋಗಿ ಬಾಗಿಲನ್ನೂ ಹಾಕಿಕೊಳ್ಳುತ್ತಿದ್ದೆ. ಅಂಗಡಿಗೆ ಓಡಿದೆ. ಈ ಬೆನ್ನು ಹೊತ್ತುಕೊಂಡು ನಾನು ಓಡಿದ ವೇಗಕ್ಕೆ ದಾರಿಯಲ್ಲಿ ಎರಡು ಸ್ಕೂಟರು ಪಕ್ಕಕ್ಕೆ ಸರಿದವು. ಎಂಟು ಹೊಸ ಪೊಟ್ಟಣ ತಂದೆ. ಶೆನ್ ಕೈ ಮುಗಿದು ಒಂದೊಂದನ್ನೇ ಇಟ್ಟ. ಬಿಶಿಯಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಬೇಡ ಅನ್ನಲಿಲ್ಲ.

ಅದೇ ಲೆಕ್ಕವನ್ನು ಮತ್ತೆ ಹಚ್ಚಿದಳು. ಮೂವತ್ತೊಂಬತ್ತು ನಿಮಿಷ!

ಶೆನ್ ಕುಣಿದ. ನಾನು ಕುಣಿಯಲಿಲ್ಲ, ದೊಡ್ಡವರು ಕುಣಿಯಬಾರದು. ಆದರೆ ಮಧ್ಯಾಹ್ನ ಬೀದಿ ತುದಿಯ ಅಂಗಡಿಯಲ್ಲಿ ಎಲ್ಲರಿಗೂ ಅಕ್ಕಿ ಶಾವಿಗೆ ಸಾರು ನನ್ನ ಕಡೆಯಿಂದ ಎಂದು ಸಾರಿದೆ, ಈ ಪೊಟ್ಟಣಗಳ ಶಕ್ತಿ ಎಂಥದ್ದೆಂದು ಇನ್ನೂ ಮೂರು ಕಥೆ ಹೇಳಿದೆ. ಒಂದರಲ್ಲಿ ವಿಮಾನವೂ ಇತ್ತು. ಬಿಶಿಯಾಳೂ ನಕ್ಕಳು. ಆಮೇಲೆ ಅವಳೇ ಒಪ್ಪಿಕೊಂಡಳು: “ನಂಬಲಿಲ್ಲ ಅಂತ ಹೇಳಲ್ಲ ಲಿಯಾವ್ ಅಣ್ಣ. ನಂಬಿದ್ರೆ ಮನೆಗೆ ಹೋಗಿ ಮಲಗಬಹುದಿತ್ತು. ಅದಕ್ಕೆ ನಂಬಿದೆ.”

ಬುಧವಾರ ಬೆಳಿಗ್ಗೆ ಹೊಸ ಮಳೆಯ ಅಳತೆಗಳು ಬರತೊಡಗಿದವು. ಬಿಶಿಯಾ ಯಂತ್ರಗಳನ್ನು ಒಮ್ಮೆ ಆರಿಸಿ ಹೊತ್ತಿಸಿ ಲೆಕ್ಕ ಹಚ್ಚಿದಳು. ಒಂದು ಗಂಟೆಯಾದರೂ ಐದನೆಯ ಒಂದು ಪಾಲೂ ಮುಗಿದಿರಲಿಲ್ಲ. ಎಂಟೂ ಪೊಟ್ಟಣ ತಾಜಾ ಹಸಿರಾಗಿ ಕೂತಿದ್ದವು.

ಅವಳು ಕುರ್ಚಿಯಲ್ಲಿ ಕುಸಿದಳು. ತನಗೇ ಹೇಳಿಕೊಂಡಳು: “ನಿನ್ನೆ ಓದಿದ್ದು ಮೊನ್ನೆ ಓದಿದ ಫೈಲನ್ನೇ.”

“ಅಂದ್ರೆ?” ಅಂದ ಶೆನ್.

“ಒಂದ್ಸಲ ಓದಿದ್ದನ್ನ ಯಂತ್ರ ನೆನಪಲ್ಲಿ ಇಟ್ಕೊಳ್ಳುತ್ತೆ. ಎರಡನೇ ಸಲ ಸರ್ವರ್ ಹತ್ರ ಹೋಗೋದೇ ಇಲ್ಲ, ಬಾಯಿಪಾಠ ಒಪ್ಪಿಸುತ್ತೆ. ಆರಿಸಿದ್ರೆ ಎಲ್ಲ ಮರೆಯುತ್ತೆ. ಪೊಟ್ಟಣ ಬದಲಾಯಿಸದಿದ್ರೂ ನಿನ್ನೆ ಮೂವತ್ತೊಂಬತ್ತು ನಿಮಿಷನೇ ಆಗ್ತಿತ್ತು. ಒಂದು ದಿನ ಹೋಯ್ತು.” ಗಡಿಯಾರದ ಕಡೆ ನೋಡಿದಳು. “ಇದು ನನಗೆ ಗೊತ್ತಿರೋ ವಿಷಯ. ಇಪ್ಪತ್ತು ವರ್ಷದಿಂದ ಗೊತ್ತಿರೋ ವಿಷಯ.”

ಆಗ ನಾನು ಏನಾದರೂ ಹಾಸ್ಯ ಮಾಡಬೇಕಿತ್ತು. ನಿನ್ನೆಯ ಶಾವಿಗೆ ಸಾರಿನ ಬಿಲ್ಲನ್ನು ಜೇಬಿನಲ್ಲಿ ಇನ್ನಷ್ಟು ಒಳಕ್ಕೆ ತಳ್ಳಿದೆ.

ಅಂದು ಇಡೀ ದಿನ ಅವಳು ಒಂದೊಂದೇ ಬಾಗಿಲು ತಟ್ಟಿದಳು. ಸರ್ವರಿನ ಡಿಸ್ಕನ್ನು ಅಲ್ಲೇ ಕೂತು ಓದಿಸಿದಳು, ಜಿಂಕೆಯ ಹಾಗೆ ಓಡಿತು. ತಂತಿಯ ಮೇಲೆ ಸುಮ್ಮನೆ ಕಸ ಸುರಿದು ನೋಡಿದಳು, ಒಂದು ಚೂರೂ ಎಲ್ಲೂ ನಿಲ್ಲಲಿಲ್ಲ. ಸರ್ವರಿನಲ್ಲಿ ಫೈಲು ಎತ್ತಿಕೊಡುವ ಆಳುಗಳು ಎಂಟಿದ್ದರು, ಅರವತ್ನಾಲ್ಕು ಮಾಡಿದಳು. ಎಂಟು ಜನ ಸುಮ್ಮನೆ ನಿಂತಿದ್ದ ಕಡೆ ಅರವತ್ನಾಲ್ಕು ಜನ ಸುಮ್ಮನೆ ನಿಂತರು. ಪ್ರತಿ ಸಲವೂ ಮೊದಲು ಯಂತ್ರದ ನೆನಪನ್ನು ತೊಳೆದು, ಆಮೇಲೆ ಓದಿಸಿ, ಹಿಡಿದ ಹೊತ್ತನ್ನು ಹಳೆಯ ನಕ್ಷೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದಳು. ಸಂಜೆಗೆ ಆ ಹಾಳೆ ತುಂಬಿತು. ಎಲ್ಲವೂ ಸರಿಯಾಗಿತ್ತು, ಎಲ್ಲವೂ ನಿಧಾನವಾಗಿತ್ತು.

ವೆನ್ ಫೋನ್ ಮಾಡಿದ. “ಏನಮ್ಮ ತಂಗಿ, ಚಹಾ ಎಲೆ ಕೊಯ್ಯಲೋ, ಗಂಟು ಕಟ್ಟಲೋ?”

“ನಾಳೆ ಮಧ್ಯಾಹ್ನ ಹೇಳ್ತೀನಿ ಯಜಮಾನ್ರೇ. ಅಂಕಿ ಇಲ್ಲದೇನೇ ಹೊರಡಿ ಅಂದ್ರೆ ಹೊರಡ್ತೀರಾ?”

“ನಾನು ಹೊರಡ್ತೀನಿ. ಮುದುಕೀರು ಹೊರಡಲ್ಲ. ಅವ್ರಿಗೆ ನಿನ್ನ ಅಂಕಿ ಬೇಕು. ನನ್ನ ಹೆಂಡ್ತೀನೇ ಹೊರಡಲ್ಲ, ಅವಳು ನನ್ನ ಮಾತು ಕೇಳಿದ್ದು ಮದುವೆ ದಿನ ಒಂದೇ, ಅದೂ ಡೋಲಿನ ಸದ್ದಲ್ಲಿ ಬೇರೇನೋ ಅಂದ್ಕೊಂಡು.”

ಬಿಶಿಯಾ ಸುಳ್ಳು ಅಂಕಿ ಹೇಳಬಹುದಿತ್ತು. ನಾನು ಹಾಗೆಂದು ಸೂಚಿಸಿದೆ ಕೂಡ. ಅವಳು ನನ್ನನ್ನು ನೋಡಿದ ನೋಟದಲ್ಲಿ ನನ್ನ ಮೂರು ತಲೆಮಾರು ಸುಟ್ಟವು. “ಒಂದ್ಸಲ ಹೇಳಿದ್ರೆ ಆಮೇಲೆ ನಾನು ಹೇಳೋ ಯಾವ ಅಂಕಿಯೂ ಅಂಕಿ ಅಲ್ಲ,” ಅಂದಳು.

ಗುರುವಾರ ಚಂಡಮಾರುತದ ರಜೆ. ಊರೆಲ್ಲ ಅಂಗಡಿ ಮುಚ್ಚಿ, ಪೊಟ್ಟಣದ ನೂಡಲ್ಸ್ ಕೊಂಡು ಮನೆ ಸೇರಿತ್ತು. ಕಚೇರಿಯಲ್ಲಿ ನಾವು ಮೂವರು. ಮೇಲೆ ಗುಡ್ಡಗಳಲ್ಲಿ ಮಳೆ ಶುರುವಾಗಿತ್ತು. ನದಿ ಏರಿ ಸಂಜೆ ಐದಕ್ಕೆ ಸೇತುವೆ ಮುಚ್ಚಬಹುದು. ಊರು ಖಾಲಿ ಮಾಡಲು ಮೂರು ಗಂಟೆ ಬೇಕು. ಅಂದರೆ ಎರಡರೊಳಗೆ ಅಂಕಿ ಸಿಗಬೇಕು.

ಹತ್ತು ಗಂಟೆಗೆ ನಾನು ಹಾಲಿನಲ್ಲಿ ಕೂತು ನನ್ನ ಹಳೆಯ ಕಂಪ್ಯೂಟರಿನಲ್ಲಿ ಶ್ವಾಂಗ್‌ಕೆಂಗಿನ ನಕ್ಷೆ ತೆರೆದೆ. ಪಾನ್ ದಂಪತಿಯ ಶುಂಠಿ ತೋಟ ಎಲ್ಲಿತ್ತು ಎಂದು ನೋಡುತ್ತಿದ್ದೆ. ಆ ಕಂಪ್ಯೂಟರು ಎಷ್ಟು ಹಳೆಯದೆಂದರೆ, ಅದನ್ನು ಮಾಡಿದವರಿಗೆ ಈಗ ಮರಿಮಕ್ಕಳು. ಮುಟ್ಟಿದರೆ ಪ್ರಾಣ ಬಿಡುತ್ತದೆಂದು ಸೋಮವಾರ ಅದರ ಕರ್ನೆಲ್ ಬದಲಾಯಿಸಿರಲಿಲ್ಲ. ಗುಜರಿಯ ಪಟ್ಟಿಯಲ್ಲಿ ಅದರ ಹೆಸರೇ ಮೊದಲು.

ಬಿಶಿಯಾ ನೀರು ತುಂಬಿಕೊಳ್ಳಲು ಕೆಳಗೆ ಬಂದಳು. ಕಣ್ಣು ಕೆಂಪು. ಅವಳ ಮುಖ ನೋಡಿ ನಾನು ಏನಾದರೂ ಹೇಳಿ ನಗಿಸೋಣ ಎಂದು, “ನಿನ್ನ ಯಂತ್ರಗಳೆಲ್ಲ ದಂಡ. ಇಲ್ನೋಡು ನಮ್ಮ ಮುದುಕನ್ನ. ಒಂದು ಲೋಟ ಚಹಾ ಆರೋದ್ರೊಳಗೆ ಇಡೀ ಗುಡ್ಡ ಹೊತ್ಕೊಂಡು ಬಂದ,” ಅಂದೆ.

ಅವಳು ಲೋಟ ಕೆಳಗಿಟ್ಟಳು. “ಯಾವ ಗುಡ್ಡ?”

“ಶ್ವಾಂಗ್‌ಕೆಂಗ್.”

“ಈಗ ತೆರೆದಿರಾ? ಬೆಳಿಗ್ಗೆ ಒಂದ್ಸಲ ತೆರೆದಿದ್ರಾ?”

“ಇಲ್ಲಮ್ಮ. ಈಗ್ತಾನೇ ಯಂತ್ರ ಹಚ್ಚಿದೆ. ನಾನೇನು ತಪ್ಪು ಮಾಡ್ದೆ?”

“ಎದ್ದೇಳಿ.”

ಐವತ್ತಾರು ವರ್ಷದ ಹೆಂಗಸು ಎಪ್ಪತ್ತೊಂದರ ಮುದುಕನನ್ನು ಕುರ್ಚಿಯಿಂದ ಎಬ್ಬಿಸಿದಳು ಅನ್ನುವುದು ಸರಿಯಲ್ಲ. ಕುರ್ಚಿಯನ್ನೇ ನನ್ನ ಕೆಳಗಿಂದ ಎಳೆದುಕೊಂಡಳು. ನೆನಪು ತೊಳೆದಳು, ನಕ್ಷೆ ಓದಿಸಿದಳು. ಎಪ್ಪತ್ತು ಸೆಕೆಂಡು. ಮೇಲೆ ಹೋಗಿ ಹೊಸ ಕರ್ನೆಲಿನ ಯಂತ್ರದಲ್ಲಿ ಅದೇ ನಕ್ಷೆ. ಹದಿನಾಲ್ಕು ನಿಮಿಷ. ಅದೇ ಸರ್ವರ್, ಅದೇ ತಂತಿ, ಅದೇ ಫೈಲು. ನಮ್ಮ ಮುದುಕ ಗೆದ್ದಿದ್ದ.

ಎರಡೂ ಯಂತ್ರಗಳು ಸರ್ವರಿನಿಂದ ಓದುವಾಗ ಪಾಲಿಸುವ ನಿಯಮಗಳನ್ನೆಲ್ಲ ಅವಳು ಕಾಗದದ ಮೇಲೆ ಅಚ್ಚು ಹಾಕಿಸಿದಳು. ಆರು ಆರು ಹಾಳೆ. ಮೇಜಿನ ಮೇಲೆ ಅಕ್ಕಪಕ್ಕ ಹಾಸಿದಳು. ಶೆನ್ ಹೊಸ ಕರ್ನೆಲಿನ ಹಾಳೆಯ ಸಾಲಿನ ಕೆಳಗೆ ಅಳತೆಪಟ್ಟಿ ಹಿಡಿದ, ನಾನು ನಮ್ಮ ಮುದುಕನದರ ಕೆಳಗೆ. ಅವಳು ಬೆರಳಿಟ್ಟು ಇಳಿಯುತ್ತ ಹೋದಳು. ಒಂದೇ, ಒಂದೇ, ಒಂದೇ. ನಾಲ್ಕನೆಯ ಹಾಳೆಯ ನಡುವೆ ಬೆರಳು ನಿಂತಿತು.

“ಓದಿ ಲಿಯಾವ್ ಅಣ್ಣ.”

“ಹದಿನೈದು ಸಾವಿರದ ಮುನ್ನೂರ ಅರವತ್ತು.”

“ನಿಮ್ದು?”

ಶೆನ್ ಎರಡು ಸಲ ನೋಡಿದ. “ನೂರ ಇಪ್ಪತ್ತೆಂಟು. ಏನಕ್ಕ ಇದು?”

“ಎಷ್ಟು ಕಿಲೋಬೈಟ್ ಮುಂದಾಗಿ ತಂದಿಟ್ಕೊಳ್ಳಬೇಕು ಅನ್ನೋದು.”

ನನಗೆ ಅರ್ಥವಾಗಲೆಂದು ಅವಳು ಮದುವೆ ಊಟದ ಮಾತಾಡಿದಳು. ಬೀದಿಯಲ್ಲಿ ಮೇಜು ಹಾಕಿ ಬಡಿಸುತ್ತಾರಲ್ಲ, ಹಳೆಯ ಕರ್ನೆಲ್ ಅಂಥ ಕಡೆ ಪಳಗಿದ ಬಡಿಸುವವ. ಒಂದು ಮೀನು ಕೇಳಿದರೆ, ಇವರು ಹೇಗೂ ಹತ್ತೂ ಬಗೆ ತಿನ್ನುವವರೇ ಎಂದು ಒಂದೇ ತಟ್ಟೆಯಲ್ಲಿ ಎಲ್ಲವನ್ನೂ ಹೊತ್ತು ತಂದು ಬಳಿಯಲ್ಲಿಟ್ಟುಕೊಳ್ಳುತ್ತಿದ್ದ. ಹೊಸಬ ಅಚ್ಚುಕಟ್ಟಿನವನು. ಕೇಳಿದಷ್ಟೇ ತರುತ್ತಾನೆ. ಒಂದು ಚಮಚ ಸಾರು ತಂದು, ಮತ್ತೆ ಅಡುಗೆಮನೆಗೆ ನಡೆದು, ಇನ್ನೊಂದು ಚಮಚ. ಚಿಕ್ಕ ಊಟಕ್ಕೆ ಅದೇ ಲೇಸು, ಏನೂ ದಂಡವಾಗುವುದಿಲ್ಲ. ನಮ್ಮ ನಕ್ಷೆಯಂಥ ಸಾವಿರ ಎಲೆಯ ಊಟಕ್ಕೆ ಅವನು ನಡೆದೇ ಸಾಯುತ್ತಾನೆ. ತಂತಿ ಖಾಲಿ, ಸರ್ವರ್ ಖಾಲಿ, ಎಲ್ಲರೂ ಅವನ ಹೆಜ್ಜೆಗೆ ಕಾಯುವುದು.

“ಅವನನ್ನ ತಪ್ಪು ಅನ್ನೋ ಹಾಗಿಲ್ಲ,” ಅಂದಳು. “ನಮ್ಮನೇಲಿ ಎಷ್ಟು ಜನ ಉಣ್ತಾರೆ ಅಂತ ನಾವು ಅವನಿಗೆ ಹೇಳಲಿಲ್ಲ.”

ಏಳೂ ಯಂತ್ರಗಳಲ್ಲಿ ಆ ಒಂದು ಅಂಕಿ ಬದಲಾಯಿಸಿದಳು. ನೆನಪು ತೊಳೆದಳು. ಆಗತಾನೆ ಬಂದ ಮಳೆಯ ಅಳತೆ ಹಾಕಿ ಲೆಕ್ಕ ಹಚ್ಚಿದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡೂವರೆ, ಅಂದರೆ ಹನ್ನೆರಡು ಹತ್ತು. ಮೂವರೂ ಕೂರಲಿಲ್ಲ. ಶೆನ್ ಪೊಟ್ಟಣಗಳ ಕಡೆ ನೋಡಿದ, ಕೈ ಮುಗಿಯಲೋ ಬೇಡವೋ ಎಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಕೈಯನ್ನು.

ಮೂವತ್ತೆಂಟು ನಿಮಿಷ. ಅಂಕಿ ಎಪ್ಪತ್ತೊಂದು.

ಅವಳು ತಕ್ಷಣ ಫೋನ್ ಎತ್ತಿಕೊಳ್ಳಲಿಲ್ಲ. ಒಂದು ಗಳಿಗೆ ಎರಡೂ ಕೈ ಮೇಜಿನ ಮೇಲಿಟ್ಟು ನಿಂತಿದ್ದಳು. ಹನ್ನೊಂದು ವರ್ಷದ ಹಿಂದೆ ಕುರ್ಚಿಯ ಮೇಲೆ ನಿಂತಿದ್ದಾಗಲೂ ಅವಳ ಬೆನ್ನು ಹೀಗೇ ಸೆಟೆದಿತ್ತು. ಆಮೇಲೆ ಫೋನ್ ಮಾಡಿದಳು.

“ಎಪ್ಪತ್ತೊಂದು ಯಜಮಾನ್ರೇ.”

“ಎಪ್ಪತ್ತೊಂದಾ,” ಅಂದ ವೆನ್. ಎಂದೂ ಅಷ್ಟು ಚಿಕ್ಕ ಮಾತಾಡಿದವನಲ್ಲ. ಆಮೇಲೆ ದೂರಕ್ಕೆ ತಿರುಗಿ ಕೂಗಿದ್ದು ಕೇಳಿಸಿತು: “ಏ, ಏಳ್ರೇ! ಬಿಶಿಯಾ ಎಪ್ಪತ್ತೊಂದು ಅಂದ್ಳು!” ಅದರ ಹಿಂದೆಯೇ ಒಂದು ಮುದುಕಿಯ ದನಿ: “ಕೋಳಿಗಳನ್ನ ಏನ್ ಮಾಡ್ಲಿ?” “ನಿನ್ನ ಕೋಳಿ ನಿನಗಿಂತ ಮೊದಲೇ ಬಸ್ ಹತ್ತಿದಾವೆ ಮಾರಾಯ್ತಿ!”

ನಾಲ್ಕು ಇಪ್ಪತ್ತಕ್ಕೆ ಕಡೆಯ ಬಸ್ಸು ಸೇತುವೆ ದಾಟಿತು. ಐದಕ್ಕೆ ಹತ್ತು ನಿಮಿಷವಿರುವಾಗ ಸೇತುವೆ ಮುಚ್ಚಿದರು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಗುಡ್ಡದ ಪೂರ್ವದ ಮಗ್ಗುಲು ಕಳಚಿ ಬಿತ್ತು. ಒಂಬತ್ತು ಮನೆ, ವೆನ್‌ನ ಚಹಾ ಹುರಿಯುವ ಶೆಡ್ಡು, ಶಾಲೆಯ ಅರ್ಧ ಹೋದವು. ಹನ್ನೊಂದು ವರ್ಷದ ಹಿಂದೆ ಎಲ್ಲರೂ ಹತ್ತಿ ಬದುಕಿಕೊಂಡ ಅದೇ ಅರ್ಧ. ಮನುಷ್ಯರು ಯಾರೂ ಹೋಗಲಿಲ್ಲ. ಎರಡು ಕೋಳಿ ಸಿಗಲಿಲ್ಲ ಎಂದು ಆ ಮುದುಕಿ ಈಗಲೂ ನಮ್ಮ ಕಚೇರಿಯ ಮೇಲೆ ಕೋಪ ಇಟ್ಟುಕೊಂಡಿದ್ದಾಳೆ.

ಮರುವಾರ ಬಿಶಿಯಾ ಸ್ಕೂಟರಿನಲ್ಲಿ ಶ್ವಾಂಗ್‌ಕೆಂಗ್ ದಾರಿಯವರೆಗೆ ಹೋಗಿ, ಪಾನ್ ದಂಪತಿಯ ಹೆಸರಿರುವ ಕಲ್ಲಿನ ಮುಂದೆ ನಾಲ್ಕು ಕಿತ್ತಳೆ ಇಟ್ಟು ಬಂದಳಂತೆ. ಪ್ರತಿವರ್ಷ ಹೋಗುವವಳೇ. ಈ ಸಲ ಸ್ವಲ್ಪ ಹೊತ್ತು ಹೆಚ್ಚು ಕೂತಿದ್ದಳು ಎಂದು ವೆನ್ ಹೇಳಿದ. ಹಿಂತಿರುಗಿದ ಮೇಲೆ ಆ ಅಂಕಿಯನ್ನೂ ಅದರ ಕಾರಣವನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಯಂತ್ರಗಳ ಕೋಣೆಯ ಬಾಗಿಲಿಗೆ ಅಂಟಿಸಿದಳು. ಗಡಿಯಾರವನ್ನು ಸರಿಮಾಡಲಿಲ್ಲ.

ಶೆನ್ ಗುಜರಿ ಪಟ್ಟಿಯಿಂದ ನನ್ನ ಕಂಪ್ಯೂಟರಿನ ಹೆಸರು ಹೊಡೆದುಹಾಕಿದ. ನನ್ನ ಹೆಸರು ಯಾವ ಪಟ್ಟಿಯಲ್ಲಿದೆಯೋ ಹೇಳಲಿಲ್ಲ.

ಇಷ್ಟಾದ ಮೇಲೂ ನನಗೆ ಒಂದು ಮುಳ್ಳು ಚುಚ್ಚುತ್ತಲೇ ಇತ್ತು. ಒಂದು ಮಧ್ಯಾಹ್ನ ಅವಳು ಕೆಳಗೆ ನೀರಿಗೆ ಬಂದಾಗ ಕೇಳಿಯೇಬಿಟ್ಟೆ. “ಅದಿರಲಿ ಬಿಶಿಯಾ, ಈ ಒಂದು ಸಲದ ಮಾತು ಬಿಡು. ಇಪ್ಪತ್ತೆರಡು ವರ್ಷ ಆ ಯಂತ್ರಗಳು ಜಾಣರಾಗಿ ಕೂತಿದ್ವಲ್ಲ, ಅದು ನನ್ನ ಪೊಟ್ಟಣದಿಂದ್ಲೇ ತಾನೇ? ಹನ್ನೊಂದು ವರ್ಷದ ಹಿಂದಿನ ಡಿಸ್ಕನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ, ನೀನೂ ಹಿಡಿಯಬೇಡ.”

ಅವಳು ತನ್ನ ಮುಚ್ಚಳದ ಲೋಟ ತುಂಬಿಕೊಂಡಳು. ಮುಚ್ಚಳ ತಿರುಗಿಸಿ, ಮೆಟ್ಟಿಲಿನ ಹತ್ತಿರ ಹೋಗಿ ನಿಂತು ಹೇಳಿದಳು:

“ಪೊಟ್ಟಣದಿಂದಲ್ಲ ಲಿಯಾವ್ ಅಣ್ಣ. ಅದನ್ನ ಇಡೋಕೆ ಒಳಗೆ ಬರ್ತಿದ್ದ ಮನುಷ್ಯ, ಬೇರೆ ಏನನ್ನೂ ಮುಟ್ಟದೆ ಹೊರಗೆ ಹೋಗ್ತಿದ್ದ. ಅದರಿಂದ.”